ಟೈಲರಕ್ಕನ ಜೊತೆ ತಿರುಗಾಟ

ನಾವು ಮೂರು ಮಂದಿ ಹೆಂಗಸರು ಭಾನುವಾರ ತಿರುಗಾಡಲು ಹೋಗಿ ಏನೂ ಆಗದೆ ಸುಮ್ಮನೆ ಮನೆಗೆ ಬಂದದ್ದು ನನಗಂತೂ ನೆನಪಿಲ್ಲ. ನಾನು ಹೊಸಪೇಟೆಯ ಹೈಸ್ಕೂಲೊಂದರಲ್ಲಿ ಗಣಿತ ಹೇಳುವವಳು. ಇನ್ನೊಬ್ಬಳು ನನ್ನ ಕಾಲೇಜು ಗೆಳತಿ, ಈಗ ಬ್ಯಾಂಕಿನಲ್ಲಿ ಆಫೀಸರ್. ಮೂರನೆಯವರು ಚಿತ್ತವಾಡ್ಗಿಯ ನಮ್ಮ ಓಣಿಯ ಟೈಲರಕ್ಕ, ನಮಗಿಂತ ಸಾಕಷ್ಟು ದೊಡ್ಡವರು. "ವಾರಪೂರ್ತಿ ಮಷಿನ್ ತುಳಿದು ಕಾಲು ಕಟ್ಟಿಗಿ ಆಗ್ಯಾವ. ಎಲ್ಲಿಗಾದ್ರೂ ಕರಕೊಂಡು ಹೋಗ್ರೆವ್ವಾ" ಎಂದು ಈ ತಿರುಗಾಟ ಶುರು ಹಚ್ಚಿದವರೇ ಅವರು.

ದರೋಜಿಯ ಕರಡಿ

ದರೋಜಿ ಕರಡಿಧಾಮದಲ್ಲಿ ಮಧ್ಯಾಹ್ನ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿಟ್ಟಿರುತ್ತಾರೆ. ಅದನ್ನು ನೆಕ್ಕಲು ಕರಡಿಗಳು ಬರುತ್ತವೆ. ನಾವು ಎದುರಿನ ಗೋಪುರ ಹತ್ತಿ ಕಾಯುತ್ತಾ ಕೂತೆವು. ಎಷ್ಟು ಹೊತ್ತಾದರೂ ಕರಡಿಯ ಸುಳಿವಿಲ್ಲ. ಟೈಲರಕ್ಕ ಡಬ್ಬಿ ತೆಗೆದು ಖಾರ ಮಂಡಕ್ಕಿ ಬಾಯಿ ತುಂಬಾ ಹಾಕಿಕೊಂಡರು. ಸರಿಯಾಗಿ ಆಗಲೇ ಬಂಡೆಯ ಹಿಂದಿನಿಂದ ಕಪ್ಪನೆಯದೊಂದು ಹೊರಬಂತು.

"ಬಂತು. ಯಾರೂ ಒಂದೀಟೂ ಸದ್ದು ಮಾಡಬ್ಯಾಡ್ರಿ," ಎಂದು ಅರಣ್ಯ ಇಲಾಖೆಯ ವಾಚರ್ ಪಿಸುಗುಟ್ಟಿದ.

ಮಂಡಕ್ಕಿ ಗರಿಗರಿ. ಅಗಿದರೆ ಕರುಂ ಎನ್ನುತ್ತದೆ. ಅಕ್ಕ ಎರಡೂ ಗಲ್ಲ ಉಬ್ಬಿಸಿಕೊಂಡು ಅಲ್ಲಾಡದೆ ಕೂತುಬಿಟ್ಟರು. ಪಕ್ಕದಲ್ಲಿದ್ದ ಪರ ಊರಿನವರೊಬ್ಬರು ಅವರನ್ನೇ ಹಿಡಿದರು. "ಎಲ್ಲಿದೆ ಮೇಡಂ?" ಅಕ್ಕ ಬೆರಳು ತೋರಿಸಿದರು. "ಗಂಡೋ ಹೆಣ್ಣೋ?" ಅಕ್ಕ ಕೈ ಆಡಿಸಿದರು. "ನೀವು ಇದೇ ಊರಿನವರಾ?" ಅಕ್ಕ ತಲೆಯಾಡಿಸಿದರು.

ಕರಡಿ ಬೆಲ್ಲವನ್ನೆಲ್ಲ ನೆಕ್ಕಿ, ಮೈ ಕೆರೆದುಕೊಂಡು, ನಿಧಾನವಾಗಿ ಹೋಯಿತು. ಆ ಮನುಷ್ಯ ಮರುಕದಿಂದ ನನ್ನ ಕಡೆ ತಿರುಗಿ, "ಪಾಪ, ಇವರಿಗೆ ಹುಟ್ಟಿನಿಂದಲೂ ಮಾತು ಬರಲ್ವಾ?" ಎಂದರು.

ಅಕ್ಕ ಒಂದು ಗುಟುಕು ನೀರು ಕುಡಿದು ಹೇಳಿದರು: "ಮಾತು ಬರ್ತಾವ್ರಿ. ಮಂಡಕ್ಕಿ ಒಳಗ ಹೋಗವಲ್ದಾಗಿತ್ತು."

ಸಂಡೂರಿನ ಕೆಸರು

ಸಂಡೂರು ಕಬ್ಬಿಣದ ಗಣಿಗಳ ಊರು, ಮಣ್ಣೆಲ್ಲ ಕೆಂಪು. ಮಳೆಗಾಲದಲ್ಲಿ ಅಲ್ಲಿನ ಗುಡ್ಡಗಳ ಮೇಲೆ ಮೋಡ ಕೂತಿರುತ್ತದೆ. ಹಸಿರಿನ ನಡುವೆ ಫೋಟೋ ಚೆನ್ನಾಗಿ ಬರಲಿ ಎಂದು ಬ್ಯಾಂಕಿನವಳು ಹಾಲಿನಂಥ ಬಿಳಿ ಚೂಡಿದಾರ ಹಾಕಿಕೊಂಡು ಬಂದಿದ್ದಳು. ಅದನ್ನು ಹೊಲಿದವರು ಟೈಲರಕ್ಕನೇ. "ಆ ಮಣ್ಣಿಗೆ ಬಿಳಿ ಬ್ಯಾಡ ಅಂದ್ನೆಲ್ಲವ್ವಾ," ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದರು.

ಇಳಿಜಾರಿನಲ್ಲಿ ಅವಳು ಸೆಲ್ಫಿ ಹಿಡಿಯಲು ಒಂದು ಹೆಜ್ಜೆ ಹಿಂದಿಟ್ಟಳು, ಜಾರಿದಳು. ಹಿಡಿಯಲು ಹೋದ ನಾನೂ ಜಾರಿದೆ. ನನ್ನ ಸೆರಗು ಹಿಡಿದ ಅಕ್ಕನೂ ಬಂದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ತಲೆಯಿಂದ ಕಾಲಿನವರೆಗೆ ಮೂವರೂ ಕೆಂಪು.

ವಾಪಸ್ ಬಸ್ ಹತ್ತಿದಾಗ ಕಂಡಕ್ಟರ್ ನಮ್ಮನ್ನು ಒಮ್ಮೆ ನೋಡಿ, "ಯಾವ ಮೈನ್ಸ್‌ನಾಗ ಕೆಲಸ್ರಿ? ಶಿಫ್ಟ್ ಈಗ ಬಿಡ್ತೇನು?" ಎಂದು ಕೇಳಿದ. ಬ್ಯಾಂಕಿನವಳ ಮುಖ ಮಣ್ಣಿಗಿಂತ ಕೆಂಪಾಯಿತು. "ನಾನು ಆಫೀಸರ್ರಿ," ಎಂದಳು.

ಟೈಲರಕ್ಕ ಸಮಾಧಾನವಾಗಿ ವಿವರಿಸಿದರು: "ಹೌದಪ್ಪ, ಆಫೀಸರ್ರೇ. ಇವತ್ತ ಮೊದಲನೇ ಸಲ ಗಣಿಗೆ ಇಳಿದಾರ."

ಮಾತಂಗ ಬೆಟ್ಟ ಇಳಿದದ್ದು

ಹಂಪಿಯ ಮಾತಂಗ ಬೆಟ್ಟವನ್ನು ಟೈಲರಕ್ಕ ನಮ್ಮಿಬ್ಬರಿಗಿಂತ ಮೊದಲೇ ಹತ್ತಿದರು. ತುದಿಯಲ್ಲಿ ವೀರಭದ್ರನಿಗೆ ಕೈಮುಗಿದು, ಹೊಳೆ, ಬಾಳೆತೋಟ ಎಲ್ಲ ನೋಡಿ ಖುಷಿಪಟ್ಟರು. ಇಳಿಯುವ ಹೊತ್ತಿಗೆ ಕೆಳಗೆ ನೋಡಿದವರೇ ಬಂಡೆಯ ಮೇಲೆ ಕೂತರು.

"ನನ್ನ ಕೈಲಿ ಆಗಂಗಿಲ್ಲ. ಕೆಳಗ ನೋಡಬಾರದಿತ್ತು. ನೀವು ಹೋಗ್ರಿ, ನಾ ಇಲ್ಲೇ ಇರ್ತೀನಿ."

ನಾವು ಕೈ ಹಿಡಿದೆವು, ಧೈರ್ಯ ಹೇಳಿದೆವು, ಬೈದೆವು. ಜಗ್ಗಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಕಂಡು ನನಗೂ ಭಯವಾಯಿತು. ಕೊನೆಗೆ ಬ್ಯಾಂಕಿನವಳು, "ಅಕ್ಕಾ, ನಾಳೆ ಮದುವಿ ಇರೋ ಹುಡುಗಿ ಬ್ಲೌಸ್ ನಿಮ್ಮ ಮನ್ಯಾಗೇ ಐತೆಲ್ಲ. ಗುಂಡಿ ಯಾರು ಹಚ್ಚಬೇಕು?" ಎಂದಳು.

ಅಕ್ಕ ಕಣ್ಣೊರೆಸಿಕೊಂಡರು. ಸೀರೆಯನ್ನು ಬಿಗಿಯಾಗಿ ಸಿಕ್ಕಿಸಿ, ಕೂತಲ್ಲಿಂದಲೇ ಇಳಿಯಲು ಶುರು ಮಾಡಿದರು. ಎರಡೂ ಅಂಗೈ ಬಂಡೆಗೆ ಊರುವುದು, "ವೀರಭದ್ರಾ" ಎನ್ನುವುದು, ಒಂದು ಮೆಟ್ಟಿಲು ಕೆಳಗೆ ಜಾರುವುದು. ನಾವಿಬ್ಬರೂ ಮುಂದೆ ನಿಂತು ಅವರ ಪಾದಕ್ಕೆ ಜಾಗ ತೋರಿಸುತ್ತಾ ಬಂದೆವು.

ಅರ್ಧ ದಾರಿಯಲ್ಲಿ ಮೇಲಿನಿಂದ ಇನ್ಯಾರೋ "ವೀರಬದ್ರ" ಎಂದಂತಾಯಿತು. ತಲೆ ಎತ್ತಿದರೆ ವಿದೇಶಿಯರ ಒಂದು ಗುಂಪು ಸಾಲಾಗಿ ಕೂತು ಬರುತ್ತಿದೆ. ಅಂಗೈ ಊರುತ್ತಾರೆ, ದೇವರ ಹೆಸರು ಹೇಳುತ್ತಾರೆ, ಒಂದು ಮೆಟ್ಟಿಲು ಜಾರುತ್ತಾರೆ. ಹಿಂದಿದ್ದ ಉದ್ದ ಗಡ್ಡದವನ ಪ್ಯಾಂಟು ಹರಿದಿತ್ತು, ಭಕ್ತಿ ಕಮ್ಮಿಯಾಗಿರಲಿಲ್ಲ.

ಕೆಳಗೆ ಬಂದ ಮೇಲೆ ಆ ಗಡ್ಡದವನು ಅಕ್ಕನಿಗೆ ಕೈಮುಗಿದು ಇಂಗ್ಲಿಷಿನಲ್ಲಿ ಬಹಳ ವಿನಯದಿಂದ ಏನೋ ಕೇಳಿದ. ಬ್ಯಾಂಕಿನವಳು ನಗು ತಡೆದುಕೊಂಡು ಕನ್ನಡಕ್ಕೆ ತಿರುಗಿಸಿದಳು: "ಅಕ್ಕಾ, ಈ ಸೇವಾ ಯಾವ್ಯಾವ ದಿನ ಮಾಡಬೇಕು ಅಂತ ಕೇಳ್ತಾನ್ರಿ."

ಟೈಲರಕ್ಕ ಸೀರೆಯ ಧೂಳು ಕೊಡವುತ್ತಾ ಹೇಳಿದರು: "ಕೆಳಗ ನೋಡಿದ ದಿನ ಮಾಡಬೇಕು ಅಂತ ಹೇಳವ್ವಾ."