ಒಂದು ಅಕ್ಷರ, ಒಂದು ಚುಕ್ಕಿ

ಕಣ್ಣು ತೆರೆದುಕೊಂಡೇ ಕನಸು ಕಾಣುವುದು ಕಾಯಿಲೆಯಾಗಿದ್ದರೆ ನಾನು ಎಂದೋ ಆಸ್ಪತ್ರೆ ಸೇರಬೇಕಿತ್ತು. ಸವಣೂರಿನಿಂದ ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿದರೆ ಸಾಕು, ನಾನು ಡಾಕ್ಟರಾಗಿಬಿಡುತ್ತೇನೆ. ಸೂಜಿ ಚುಚ್ಚುವ ಡಾಕ್ಟರಲ್ಲ, ಮನಶ್ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ ಡಾಕ್ಟರು. ತಿಳಿನೀಲಿ ಪರದೆಯ ಕೋಣೆ. ಎದುರಿಗೆ ಕುಳಿತವರು ಮನಸ್ಸು ಬಿಚ್ಚಿ ಮಾತಾಡುತ್ತಿದ್ದಾರೆ, ನಾನು ಗಂಭೀರವಾಗಿ ತಲೆಯಾಡಿಸುತ್ತಿದ್ದೇನೆ. ಅವರು ಏನು ಹೇಳಿದರು, ನಾನು ಏನು ಉತ್ತರ ಕೊಟ್ಟೆ ಎನ್ನುವುದು ಮಾತ್ರ ಕನಸಿನಲ್ಲಿ ಒಮ್ಮೆಯೂ ಕೇಳಿಸಿಲ್ಲ. ಅಷ್ಟರಲ್ಲಿ ಪುತ್ತೂರು ಬಂದು, ಕಂಡಕ್ಟರು ನನ್ನನ್ನು ಇಳಿಸಿರುತ್ತಾರೆ.

ಇಳಿದು ಹೋಗುವುದು ಮದುವೆ ಕಾಗದ ಅಚ್ಚು ಹಾಕುವ ಪ್ರೆಸ್ಸಿಗೆ. ಮನಶ್ಶಾಸ್ತ್ರದಲ್ಲಿ ನಾಲ್ಕು ವರ್ಷದ ಪದವಿ ಮುಗಿಸಿ ಅಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದೇನೆ. ನಾಲ್ಕು ವರ್ಷ ಓದಿ ಒಳ್ಳೆಯ ಅಂಕ ತೆಗೆದವರು ಎಂ.ಎ. ಬಿಟ್ಟು ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು ಎಂದು ತಿಳಿದಂದಿನಿಂದ ನನ್ನ ನೆಮ್ಮದಿ ಹಾಳು. ನೇರವಾಗಿ ಹೋಗಲೇ, ಎರಡು ವರ್ಷ ಎಂ.ಎ. ಮಾಡಲೇ? ಎರಡಕ್ಕೂ ಅರ್ಜಿ ಹಾಕಲು ಬರುವ ಶನಿವಾರವೇ ಕೊನೆಯ ದಿನ. ನಿಜ ಹೇಳುತ್ತೇನೆ, ನನ್ನ ಅವಸರ ಜ್ಞಾನಕ್ಕಲ್ಲ. ದಿನವಿಡೀ ಊರವರ ಹೆಸರಿನ ಹಿಂದೆ ಮುಂದೆ ಪದವಿ ಕೂರಿಸುವ ನನಗೆ, ನನ್ನ ಹೆಸರಿನ ಮುಂದೆಯೂ ಒಂದು ಅಕ್ಷರ, ಒಂದು ಚುಕ್ಕಿ ಬೇಕಿತ್ತು. "ಎರಡು ವರ್ಷ ಉಳಿಸ್ಲಿಕ್ಕೆ ಅಂತ ಒಂದು ವರ್ಷ ಯೋಚನೆಯಲ್ಲೇ ಕಳೆದಿಯಲ್ಲ ಮಾರಾಯ್ತಿ!" ಎಂದು ಪ್ರೆಸ್ಸಿನ ಮಾಲೀಕರಾದ ಹಮೀದಾಕ ನಗಾಡುತ್ತಿದ್ದರು.

ಆ ವಾರ ಸುಳ್ಯದ ಶ್ರುತಿ ಎಂಬ ಹುಡುಗಿಯ ಮದುವೆ ಕಾಗದ ಅಚ್ಚಿಗೆ ಬಂತು. ಹುಡುಗ ಕಡಬದವನು. ಕನಸು ಬಸ್ಸಿನಲ್ಲೇ ಉಳಿದು ಹೋಗಬಾರದೇ? ನನ್ನ ಜೊತೆ ಪ್ರೆಸ್ಸಿಗೂ ಬಂತು. "ಚಿ.ಸೌ. ಶ್ರುತಿ, ಬಿ.ಕಾಂ." ಎಂದಾಗಬೇಕಾದಲ್ಲಿ "ಡಾ. ಶ್ರುತಿ, ಬಿ.ಕಾಂ." ಎಂದು ಹೊಡೆದೆ. ಮೊಬೈಲಿಗೆ ಕಳಿಸಿದ ಪ್ರೂಫಿನಲ್ಲಿ ಅವಳ ದೊಡ್ಡಪ್ಪ ಮುಹೂರ್ತವನ್ನೂ ತಮ್ಮ ಹೆಸರನ್ನೂ ಮಾತ್ರ ನೋಡಿಕೊಂಡು, "ಸರಿ ಉಂಟು, ಪ್ರಿಂಟ್ ಮಾಡಿ" ಎಂದರು. ಒಂದು ಕಟ್ಟು ಕಾಗದ ಕಡಬಕ್ಕೂ ಮುಟ್ಟಿತು.

ಗುರುವಾರ ಮದುಮಗಳೇ ಪ್ರೆಸ್ಸಿಗೆ ಬಂದಳು. ಕೈಯಲ್ಲಿ ಕಾಗದ ಕಂಡದ್ದೇ ತಡ, ಹಮೀದಾಕನಿಗೆ ಒಳಗಿನ ಮೆಷಿನ್ನಿನ ನೆನಪಾಯಿತು.

"ಅಕ್ಕ, ನನ್ನನ್ನು ಡಾಕ್ಟರ್ ಮಾಡಿದ್ದು ನೀವಾ?"

ನಾನು ತಲೆ ತಗ್ಗಿಸಿದೆ.

"ಮೊದಲು ನೋಡುವಾಗ ಖುಷಿಯೇ ಆಯ್ತು, ಸುಳ್ಳು ಯಾಕೆ ಹೇಳುದು? ಆದ್ರೆ ನಿನ್ನೆ ಕಡಬದಿಂದ ಹುಡುಗನ ಅಜ್ಜಿ ಫೋನ್ ಮಾಡಿ, ಮೊಣಗಂಟು ನೋವಿಗೆ ಎಂತ ಮದ್ದು ಅಂತ ಕೇಳಿದ್ರು. ನಾನು ಎಂತ ಹೇಳುದು?"

ಹೊಸ ಕಾಗದ ಮಾಡಿಕೊಡುತ್ತೇನೆಂದು ಹೇಳಿ, ತಪ್ಪಾದದ್ದು ಹೇಗೆಂದು ನನ್ನ ಕನಸನ್ನೂ ಒಪ್ಪಿಕೊಂಡೆ. ಅವಳು ಹೊರಡಲಿಲ್ಲ, ಎದುರಿನ ಕುರ್ಚಿಯಲ್ಲಿ ಕೂತಳು. ಕಾಗದದ ಅಂಚನ್ನು ಮಡಚುತ್ತಾ ದನಿ ಇಳಿಸಿದಳು. "ಸೈಕಾಲಜಿ ಕಲಿತವರಲ್ವಾ ನೀವು, ಒಂದು ಕೇಳ್ಲಾ? ಹುಡುಗ ಫೋನಲ್ಲಿ ಎಂತದೂ ಮಾತಾಡುದಿಲ್ಲ. ಹೂಂ, ಹೂಂ, ಅಷ್ಟೇ. ಅವರಿಗೆ ನಾನು ಇಷ್ಟ ಇಲ್ವಾ?"

ನನ್ನ ಕನಸಿನಲ್ಲಿ ಎಂದೂ ಕೇಳಿಸದಿದ್ದ ಮಾತು ಇದು. ನಾಲ್ಕು ವರ್ಷದಲ್ಲಿ ಬಾಯಿಪಾಠ ಮಾಡಿದ ವ್ಯಾಖ್ಯೆಗಳಲ್ಲಿ ಮೂರು ನೆನಪಿಗೆ ಬಂದವು. ಅವಳ ಮುಖ ನೋಡಿದ ಮೇಲೆ ಒಂದನ್ನೂ ಹೇಳುವ ಧೈರ್ಯ ಬರಲಿಲ್ಲ.

"ನನಗೆ ಗೊತ್ತಿಲ್ಲ ಶ್ರುತಿ" ಎಂದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎಂ.ಎ. ಮಾಡಲೇಬೇಕು ಎಂದು ಆ ಗಳಿಗೆಯಲ್ಲೇ ನಿಶ್ಚಯಿಸಿದೆ.

ಅವಳು ಮಾತ್ರ ಉಸಿರುಬಿಟ್ಟು ನಕ್ಕಳು. "ಎಲ್ಲರೂ ಮದುವೆ ಆದ ಮೇಲೆ ಸರಿ ಆಗ್ತದೆ ಹೇಳ್ತಾರೆ. ಗೊತ್ತಿಲ್ಲ ಹೇಳಿದ್ದು ನೀವೊಬ್ರೇ." ಆಮೇಲೆ ಅರ್ಧ ಗಂಟೆ ಅವಳೇ ಮಾತಾಡಿದಳು, ನಾನು ಕೇಳಿದೆ. ಕೊನೆಗೆ "ಇವತ್ತು ಅವರ ಹತ್ರವೇ ಕೇಳ್ತೇನೆ" ಎಂದು ಎದ್ದವಳು ಬಾಗಿಲಲ್ಲಿ ತಿರುಗಿ, "ನೀವು ಒಳ್ಳೆ ಡಾಕ್ಟರ್ ಆಗ್ತೀರಿ ಅಕ್ಕ" ಎಂದಳು.

ಆ ಒಂದು ಮಾತಿಗೆ ನನ್ನ ನಾಚಿಕೆ ಎಲ್ಲಿ ಹೋಯಿತೋ! ಗೊತ್ತಿಲ್ಲ ಎಂದದ್ದಕ್ಕೆ ಸಿಕ್ಕಿದ ಹೊಗಳಿಕೆ ಅದು. ಎರಡೇ ನಿಮಿಷದಲ್ಲಿ ನನಗೆ ಎಲ್ಲವೂ ಗೊತ್ತಿದೆ, ಇನ್ನು ಎಂ.ಎ. ಯಾಕೆ ಎಂದು ಅನ್ನಿಸತೊಡಗಿತು. ಹೆದರಿಕೆಯಾಗಿ, ಆ ಅನ್ನಿಸಿಕೆ ಗಟ್ಟಿಯಾಗುವ ಮೊದಲೇ ಎಂ.ಎ. ಅರ್ಜಿ ಕಳಿಸಿಬಿಟ್ಟೆ.