ಫ್ರೆಂಚ್ ಕಾರು ಮತ್ತು ಅಮೆರಿಕದ ಮೊಣಕಾಲು

ವಾಹನದ ವಿಷಯದಲ್ಲಿ ನನಗೆ ಬುದ್ಧಿ ಕಡಿಮೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಹರೈನಿಗೆ ಬಂದ ನಮ್ಮ ಉಡುಪಿ ಕಡೆಯವರೆಲ್ಲ ಕಣ್ಣು ಮುಚ್ಚಿ ಜಪಾನಿನ ಕಾರು ಕೊಳ್ಳುತ್ತಾರೆ. ನಾನು ಮಾತ್ರ, ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಫ್ರೆಂಚ್ ಮೇಷ್ಟರ ಪುಟ್ಟ ಕಾರಿನ ಬೆಣ್ಣೆಬಣ್ಣಕ್ಕೆ ಮರುಳಾದೆ. ಚಳಿಗಾಲವಿಡೀ ಅದು ಸಂಭಾವಿತನ ಹಾಗೆ ಓಡಿತು. ಜೂನ್ ಬಂತು ನೋಡಿ, ಮೊದಲು ಎ.ಸಿ. ಬಿಸಿಗಾಳಿ ಊದತೊಡಗಿತು. ಆಮೇಲೆ ಕಿಟಕಿಯ ಗಾಜು ಬಾಗಿಲಿನೊಳಗೆ ಜಾರಿ, ಮೇಲೆ ಬರಲೊಲ್ಲೆ ಎಂದಿತು. ಸಲ್ಮಾಬಾದಿನ ಗ್ಯಾರೇಜಿನ ರಫೀಕ್ ಭಾಯಿ, ಇದರ ಪಾರ್ಟ್ ಇಲ್ಲಿ ಸಿಗುವುದಿಲ್ಲ, ಹೊರದೇಶದಿಂದಲೇ ತರಿಸಬೇಕು ಎಂದು, ರೋಗಿಯ ಮನೆಯವರನ್ನು ಸಮಾಧಾನಪಡಿಸುವಂತೆ ನನಗೊಂದು ಚಹಾ ತರಿಸಿದ.

ಮಾರಿಬಿಡುವುದೆಂದು ನಿಶ್ಚಯಿಸಿದೆ. ಹೆಂಡತಿ ಸುಜಾತಾ ಮಡಚಿಟ್ಟ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದಳು. ಲೈಸೆನ್ಸ್ ಸಿಕ್ಕಿ ಆರು ವರ್ಷವಾದರೂ ನಮ್ಮ ಹಿಂದಿನ ದೊಡ್ಡ ಗಾಡಿಯ ಸ್ಟೀರಿಂಗ್ ಮುಟ್ಟಲು ಹೆದರಿದ್ದವಳು, ಈ ಪುಟಾಣಿ ಬಂದ ಮೇಲೆ ರಿಫಾದ ನಮ್ಮ ಮನೆಯಿಂದ ಸಮುದ್ರದ ಸೇತುವೆಯಾಚೆ ಬುಸೈತೀನಿನಲ್ಲಿರುವ ಅವಳ ಅಕ್ಕನ ಮನೆಗೆ ಒಬ್ಬಳೇ ಹೋಗಿಬಂದಿದ್ದಳು. ಆ ದಿನ ಅವಳ ಮುಖ ನೋಡಬೇಕಿತ್ತು. ನೋಡಿದ್ದೆ ಕೂಡ, ಆದರೆ ಮರೆತಿದ್ದೆ.

ಕೊಳ್ಳಲು ಮುಂದೆ ಬಂದವರು ನಮ್ಮ ಆಫೀಸಿನ ಡೇವಿಡ್, ಅಮೆರಿಕದ ಇಂಜಿನಿಯರ್, ಆರೂವರೆ ಅಡಿ ಎತ್ತರದ ಆಸಾಮಿ. ಶುಕ್ರವಾರ ಬೆಳಿಗ್ಗೆ ಬಂದು ನೀರುದೋಸೆ ತಿನ್ನುತ್ತ, ಚಿಕ್ಕಂದಿನಲ್ಲಿ ತಮ್ಮ ಮನೆಯಲ್ಲೂ ಇಂಥದ್ದೇ ಕಾರಿತ್ತು ಎಂದರು. ಯೂರೋಪಿನ ಇಕ್ಕಟ್ಟು ಬೀದಿಗೆಂದು ಮಾಡಿದ ಆ ಕಾರುಗಳು ಅವರ ದೇಶದ ಮುಗಿಯದ ಹೆದ್ದಾರಿಯಲ್ಲಿ ಏದುಸಿರು ಬಿಟ್ಟವಂತೆ. ಪಾರ್ಟ್ ಬರಲು ತಿಂಗಳುಗಟ್ಟಲೆ ಕಾಯಬೇಕು, ರಿಪೇರಿ ಬಲ್ಲವನು ಮೂರು ಊರಿನಾಚೆ. ಕಾಫಿ ಲೋಟ ಇಡಲು ಜಾಗವಿಲ್ಲವೆಂದು ಸಿಟ್ಟಾದವರೂ ಇದ್ದರಂತೆ. ಕಡೆಗೆ ಮೆಲ್ಲಗೆ ಹೇಳಿದರು, "ಅಪ್ಪ ಬೇಸತ್ತು ಮಾರಿದರು. ಆಮೇಲೆ ಸಾಯುವವರೆಗೂ ಅದರದ್ದೇ ಮಾತು."

ಕೆಳಗೆ ಹೋಗಿ ಕಾರಿನೊಳಗೆ ಕೂತರು. ಕೂತರು ಅನ್ನುವುದು ಮರ್ಯಾದೆಗೆ. ಒಂದು ಮೊಣಕಾಲು ಸ್ಟೀರಿಂಗಿಗೆ, ಇನ್ನೊಂದು ಬಾಗಿಲಿಗೆ, ತಲೆ ಚಾವಣಿಗೆ. ನಾನೂ ಸುಜಾತಾಳೂ ಒಂದೊಂದು ಕೈ ಹಿಡಿದು ಹೊರಗೆಳೆಯಬೇಕಾಯಿತು. ಅವರು ನಗುತ್ತ ಕಾರಿನ ಬೆನ್ನು ತಟ್ಟಿದರು. ಕೀಲಿಯನ್ನು ನನ್ನ ಚಾಚಿದ ಕೈಗೆ ಕೊಡದೆ ಸುಜಾತಾಳ ಕೈಗಿಟ್ಟರು.

ಅವರು ಹೋದ ಮೇಲೆ ಬೇರೆ ಗಿರಾಕಿ ಹುಡುಕುವ ಮಾತೆತ್ತಿದೆ.

"ಪಾರ್ಟ್ ಬರುವವರೆಗೆ ಕಾಯುವ ಮಾರ್ರೆ," ಎಂದಳು. "ಒಂದು ಬೇಸಿಗೆಗೇ ಬಿಟ್ಟುಬಿಡುವುದಾ?"

ಸೆಪ್ಟೆಂಬರಿನಲ್ಲಿ ಪಾರ್ಟ್ ಬಂತು. ಈಗ ಅವಳು ಓಡಿಸುತ್ತಾಳೆ, ನಾನು ಪಕ್ಕದಲ್ಲಿ ಕೂರುತ್ತೇನೆ. ಮೊನ್ನೆ ಅಕ್ಕನೊಡನೆ ಫೋನಿನಲ್ಲಿ ಹೇಳುತ್ತಿದ್ದಳು: ಬೇಗ ಬಿಸಿಯಾಗುವುದುಂಟು, ಶಬ್ದವೂ ಸ್ವಲ್ಪ ಜಾಸ್ತಿ, ಆದರೆ ಸುಧಾರಿಸಿಕೊಂಡು ಹೋದರೆ ಏನೂ ತೊಂದರೆಯಿಲ್ಲ ಎಂದು. ಪಾಪದ ಕಾರು ಎಂದುಕೊಂಡು ನಾನೂ ತಲೆದೂಗಿದೆ. ಆಮೇಲೆ ತಿಳಿಯಿತು, ಅಕ್ಕ ವಿಚಾರಿಸಿದ್ದು ನನ್ನ ಕ್ಷೇಮಸಮಾಚಾರ.