ಉಡಿ ಗೋಧಿಯ ಶುಭಾರಂಭ

ಹೆಂಡತಿಗೆ ಒಂದು ರೊಟ್ಟಿ ತಿನ್ನಿಸುವುದು ಏನು ಮಹಾ ಕೆಲಸ ಅಂದುಕೊಂಡಿದ್ದೆ.

ನನ್ನ ಹೆಂಡತಿ ಸುಮಾ ಸಿರುಗುಪ್ಪದವಳು. ಅವಳಿಗೆ ಸೀಲಿಯಾಕ್ ಎಂಬ ಕಾಯಿಲೆ. ಚಿಟಿಕೆ ಗೋಧಿ ಹಿಟ್ಟು ಹೊಟ್ಟೆಗೆ ಹೋದರೂ ದಿನಗಟ್ಟಲೆ ನೋವು, ಸುಸ್ತು. ಅದರ ಜೊತೆಗೆ ಹಾಲು ಆಗದು, ಮೆಕ್ಕೆಜೋಳ ಆಗದು, ಸಜ್ಜೆ ತಿಂದರೆ ಹೊಟ್ಟೆ ತಮಟೆ. ಜೋಳ ಆಗುತ್ತದೆ, ಆದರೆ ನಂಬುವಂಥ ಹಿಟ್ಟು ಸಿಗದು. ಉಳಿದದ್ದು ಅನ್ನ. ಭತ್ತದ ಗದ್ದೆಯ ನಡುವೆ ಬೆಳೆದವಳಿಗೂ ಅನ್ನ ಸಾಕಾಗಿ ಹೋಗಿತ್ತು.

"ಬಿಸಿ ಜ್ವಾಳದ ರೊಟ್ಟಿ ತಿಂದು ಎಷ್ಟ್ ದಿನ ಆತ್ರಿ," ಅಂದಳು ಒಮ್ಮೆ.

ಅಷ್ಟೇ ಸಾಕಾಯಿತು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಅರ್ಧ ಡಾಕ್ಟರಾಗಿದ್ದ ನಾನು, ನಮ್ಮ ಸತ್ಯನಾರಾಯಣಪೇಟೆ ಮನೆಯ ಧಾನ್ಯ ಖಾತೆಯನ್ನು ಸ್ವಯಂಪ್ರೇರಣೆಯಿಂದ ವಹಿಸಿಕೊಂಡೆ.

ಮೊದಲು ಅಂಗಡಿಯಿಂದ ಜೋಳದ ಹಿಟ್ಟು ತಂದೆ. ಸುಮಾ ಮುಟ್ಟಲಿಲ್ಲ.

"ಇದನ್ನ ಬೀಸಿದ ಗಿರಣ್ಯಾಗ ಗೋಧಿನೂ ಬೀಸ್ತಾರೇನು?"

"ಅದನ್ನ ಯಾರ್ ಕೇಳ್ತಾರ?"

"ನಾ ಕೇಳ್ತೀನಿ."

ನಿಜ, ಕೇಳುತ್ತಾಳೆ. ಮದುವೆಮನೆಯಲ್ಲಿ ಅಡುಗೆಯವರ ಹತ್ತಿರ ಹೋಗಿ, ಮೈದಾ ಬೆರೆಸಿದ್ದಾರಾ ಅಂತ ಇಂಗಿನ ಡಬ್ಬಿ ತಿರುಗಿಸಿ ಓದುತ್ತಾಳೆ. ಪೂರಿ ಕರಿದ ಎಣ್ಣೆಯಲ್ಲೇ ಹಪ್ಪಳ ಕರಿದಿರಾ ಅಂತ ವಿಚಾರಿಸುತ್ತಾಳೆ. "ಹುಡುಗಿಗೆ ನಖರಾ ಭಾಳ" ಎಂದು ಬೀಗರು ಅಂದರೂ ನಗುತ್ತಲೇ ಎಲೆಗೆ ಕೈ ಅಡ್ಡ ಹಿಡಿಯುತ್ತಾಳೆ. ಆ ಧೈರ್ಯ ನನಗೆಲ್ಲಿ? ಹೋಟೆಲಿನಲ್ಲಿ ಇನ್ನೊಂದು ಚಮಚ ಚಟ್ನಿ ಕೇಳಬೇಕಾದರೂ ನಾನು ಪಕ್ಕದವರ ಮುಖ ನೋಡುವವನು.

ಹಾಗಾಗಿ ಇಬ್ಬರೂ ಕುರುಗೋಡಿನಲ್ಲಿರುವ ನನ್ನ ದೊಡ್ಡಮ್ಮನ ಮನೆಗೆ ಹೋಗಿ, ಅವರ ಹೊಲದ ಬಿಳಿಜೋಳವನ್ನೇ ತಂದೆವು. ಹೊರಡುವಾಗ ದೊಡ್ಡಮ್ಮ ಪದ್ಧತಿಯಂತೆ ಸುಮಾಳ ಉಡಿ ತುಂಬಿದರು. ಸೆರಗಿಗೆ ಬಿದ್ದದ್ದು ಬೊಗಸೆ ಗೋಧಿ. ಉಡಿಯ ಧಾನ್ಯವನ್ನು ಚೆಲ್ಲುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ, ಅದು ಉಡಿ ಕಟ್ಟಿಕೊಂಡವಳ ಮನೆಯಲ್ಲೇ ಅಡುಗೆಯಾಗಬೇಕು. ಇವಳಂತೂ ತಿನ್ನುವಂತಿಲ್ಲ. ಗೋಧಿಯ ಗಂಟು ಪಡಸಾಲೆಯ ಗೂಟಕ್ಕೆ ನೇತುಬಿತ್ತು.

ಸುಮಾ ಜೋಳವನ್ನು ಕಾಳು ಕಾಳಾಗಿ ಆರಿಸಿ, ತೊಳೆದು, ಮಾಳಿಗೆ ಮೇಲೆ ಒಣಗಿಸಿದಳು. ನಾನು ಅವಳಿಗೆಂದೇ ಮನೆಯಲ್ಲಿ ಬೀಸುವ ಸಣ್ಣ ಯಂತ್ರ ತಂದೆ. ಹೊಚ್ಚ ಹೊಸದು, ಗೋಧಿಯ ನೆರಳೂ ಸೋಂಕದ ಕಲ್ಲು. ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಪಡಸಾಲೆಯಲ್ಲಿ ಪ್ರತಿಷ್ಠಾಪಿಸಿದೆ. ಸಂಜೆ ಅರ್ಧದಷ್ಟು ಜೋಳ ಬೀಸಿದೆ. ಅಡುಗೆಮನೆಯಲ್ಲಿ ಅವ್ವ ರೊಟ್ಟಿಗೆ ಎಸರಿಟ್ಟಳು, ಸುಮಾ ತನ್ನದೇ ಪ್ರತ್ಯೇಕ ಹಂಚು ಇಳಿಸಿದಳು. ನಾನು ಹಿಟ್ಟಿನ ಬುಟ್ಟಿ ಹಿಡಿದು ವಿಜಯಿಯಂತೆ ಬಾಗಿಲಲ್ಲಿ ನಿಂತೆ.

"ಹೊಸಾ ಕಲ್ಲು ಅಲ್ಲೇನ್ರಿ ಇದು," ಅಂದಳು ಸುಮಾ. "ಮೊದ್ಲು ಬೀಸಿದ್ರಾಗ ಕಲ್ಲಿನ ಪುಡಿ ಬರ್ತೈತಿ. ಅದನ್ನ ತಗದೀರಿಲ್ಲ?"

"ಅಷ್ಟೂ ಗೊತ್ತಿಲ್ಲೇನು ನನಗ? ಬ್ಯಾರೆ ಕಾಳು ಹಾಕಿ ಕಲ್ಲು ಸ್ವಚ್ಛ ಮಾಡೀನಿ. ನಿನ್ನ ಜ್ವಾಳ ಒಂದ್ ಕಾಳೂ ಹಾಳು ಮಾಡಿಲ್ಲ."

"ಬ್ಯಾರೆ ಕಾಳು ಅಂದ್ರ?"

"ನಿಂದೇ ಉಡಿ ಗೋಧಿ. ಶುಭಾರಂಭ ಆದಂಗೂ ಆತು, ಗಂಟು ಖಾಲಿ ಆದಂಗೂ ಆತು."

ಹೇಳಲು ಶುರುಮಾಡಿದಾಗ ನನ್ನ ದನಿಯಲ್ಲಿ ಹೆಮ್ಮೆಯಿತ್ತು. ಮುಗಿಸುವಷ್ಟರಲ್ಲಿ ಇರಲಿಲ್ಲ.

ಅವ್ವ ಒಲೆ ಸಣ್ಣದು ಮಾಡಿ ನನ್ನ ಕಡೆ ತಿರುಗಿದಳು. "ಲೇ, ಯಾವುದನ್ನ ದೂರ ಇಡಾಕ ಆ ಮಷಿನ್ ತಂದ್ಯೋ, ಅದನ್ನೇ ಅದರ ಬಾಯಾಗ ಹಾಕೀದಿಯಲ್ಲೋ."

ಸುಮಾ ಬೈಯಲಿಲ್ಲ. ಬುಟ್ಟಿಯಲ್ಲಿದ್ದ ಬೆಳ್ಳನೆಯ ಹಿಟ್ಟನ್ನೇ ನೋಡಿದಳು. ಅವಳ ಕಣ್ಣು ತುಂಬಿದ್ದು ಕಂಡು ನನಗೆ ಯಂತ್ರದೊಳಗೆ ಹೊಕ್ಕು ಕೂರಬೇಕೆನಿಸಿತು. ಆಮೇಲೆ ಅವಳು ನಕ್ಕಳು, ನಕ್ಕಿದ್ದು ನಿಲ್ಲಲೇ ಇಲ್ಲ.

"ಕೇಳದಿದ್ರ ತಿಂದೇ ಬಿಡ್ತಿದ್ದೆ ನೋಡ್ರಿ ಅತ್ತಿ," ಅಂದಳು ಅವ್ವನಿಗೆ.

ಬೀಸದೆ ಉಳಿದ ಜೋಳವನ್ನು ಮಾಳಿಗೆಯಿಂದ ತಾನೇ ಇಳಿಸಿಕೊಂಡು ಬಂದಳು. ಸೆರಗು ಸಿಕ್ಕಿಸಿ, ತನಗೆಂದೇ ಬೇರೆ ಇಟ್ಟುಕೊಂಡಿದ್ದ ಮಿಕ್ಸರಿಗೆ ಹಿಡಿ ಹಿಡಿಯಾಗಿ ಹಾಕಿ ತಿರುವಿದಳು, ಜರಡಿ ಹಿಡಿದಳು, ಮತ್ತೆ ತಿರುವಿದಳು. ಮಿಕ್ಸರ್ ಬಿಸಿಯಾದರೆ ನಿಲ್ಲಿಸಿ ಕಾಯ್ದಳು. ಸಿಟ್ಟಿಲ್ಲ, ಅವಸರವಿಲ್ಲ. ಮೆಚ್ಚಿಕೊಂಡು ನೋಡುತ್ತಿದ್ದ ನಾನು, ಸಹಾಯ ಮಾಡೋಣವೆಂದು ಒಂದು ಹೆಜ್ಜೆ ಮುಂದಿಟ್ಟೆ.

"ಅಲ್ಲೇ ಇರ್ರಿ. ಮೈಮ್ಯಾಲ ಪೂರಾ ಹಿಟ್ಟು ಐತಿ. ಅಂಗಿ ಬಿಚ್ಚಿ, ತಲಿಮ್ಯಾಗ ನೀರು ಹಾಕ್ಕೊಂಡು ಬರ್ರಿ."

ಹಿಟ್ಟಿನ ಬುಟ್ಟಿಯನ್ನು ಅವ್ವ ಆಗಲೇ ಹೊರಗೆ ಸಾಗಿಸಿದ್ದಳು. ಮನೆಯೊಳಗೆ ಗೋಧಿ ಸೋಂಕಿದ ವಸ್ತುಗಳು ಉಳಿದದ್ದು ಎರಡೇ: ಯಂತ್ರ ಮತ್ತು ನಾನು. ಯಂತ್ರಕ್ಕೆ ಗೋಣಿಚೀಲ ಹೊದಿಸಿದರು. ನನ್ನನ್ನು ಬಚ್ಚಲಿಗೆ ಕಳಿಸಿದರು.

ತಲೆಗೆ ಸೋಪು ತಿಕ್ಕುತ್ತಾ ಕೇಳಿಸಿಕೊಂಡೆ. ರೊಟ್ಟಿ ಬಡಿಯುವ ಸದ್ದು, ಆಮೇಲೆ ಸುಮಾಳ ತುಂಬಿದ ಬಾಯಿಯ ಮಾತು: "ಅತ್ತಿ, ಬದ್ನಿಕಾಯಿ ಪಲ್ಯ ಇನ್ನೊಂದೀಟು ಹಾಕ್ರಿ."

ಎಷ್ಟೋ ದಿನದ ಮೇಲೆ ಅವಳು ಯಾರನ್ನೂ ಏನೂ ವಿಚಾರಿಸದೆ ನಿಶ್ಚಿಂತೆಯಿಂದ ಉಣ್ಣುತ್ತಿದ್ದಳು. ವಿಚಾರಣೆಗೆ ಒಳಗಾಗಬೇಕಾದವನು ಬಚ್ಚಲಲ್ಲಿದ್ದನಲ್ಲ.